ಕಿಸೆಯಿಲ್ಲದವರ ಹೆಜ್ಜೆ

ನಮ್ಮ ಗಡಿಭಾಗದ ಈ ಐದು ತಾಲೂಕುಗಳಲ್ಲಿ ಲೆಕ್ಕವಿಲ್ಲದೆ ಯಾವ ಕೆಲಸವೂ ನಡೆಯುವುದಿಲ್ಲ. ನಿಪ್ಪಾಣಿಯಲ್ಲಿ ಬೀಡಿಗೆ ಸಾವಿರದ ಲೆಕ್ಕ. ರಾಯಬಾಗ, ಕಾಗವಾಡದ ಕಡೆ ಕಬ್ಬಿಗೆ ಟನ್ನಿನ ಲೆಕ್ಕ. ಅಥಣಿಯ ಚಪ್ಪಲಿಗೆ ಜೋಡಿಯ ಲೆಕ್ಕ. ನಮ್ಮ ಚಿಕ್ಕೋಡಿಯಲ್ಲಿ ಡೇರಿಗೆ ಹಾಲು ಹಾಕುವವರಿಗೆ ಲೀಟರಿನ ಜೊತೆಗೆ ಫ್ಯಾಟಿನ ಲೆಕ್ಕ. ಆದರೆ ಇದನ್ನೆಲ್ಲ ಮಾಡುವ ಜನರ ಕಾಲುಗಳು ದಿನಕ್ಕೆ ಎಷ್ಟು ನಡೆದವು ಎಂದು ಯಾರೂ ಕೇಳುತ್ತಿರಲಿಲ್ಲ. ಈಗ ಡಾಕ್ಟರರು ಕೇಳತೊಡಗಿದ್ದಾರೆ.

ನಾವು ಗಂಡ ಹೆಂಡತಿ, ಇಬ್ಬರಿಗೂ ನಲವತ್ತು ದಾಟಿದೆ. ಇಬ್ಬರೂ ಏಳನೆಯವರೆಗೆ ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡ ಹೈಸ್ಕೂಲಿನಲ್ಲಿ ಕಲಿತವರು. ನಮ್ಮಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬರಿಗೆ ಕಥೆ ಬರೆಯುತ್ತ ಕುಳಿತೇ ಇರುವ ಕಾಯಿಲೆ. ಈ ಭಾಗದ ಬಹಳಷ್ಟು ಜನರಂತೆ ನಾವೂ ತೋರಿಸಿಕೊಳ್ಳಲು ಮೀರಜಿಗೆ ಹೋಗುತ್ತೇವೆ. ಅಲ್ಲಿಯ ಡಾಕ್ಟರರು ರಕ್ತದ ರಿಪೋರ್ಟು ನೋಡಿ, ದಿನಕ್ಕೆ ಎಷ್ಟು ನಡೆಯುತ್ತೀರಿ ಎಂದು ಮರಾಠಿಯಲ್ಲಿ ಕೇಳಿದರು. ಬೆಳಗಿನ ನಮಾಜಿನಿಂದ ರಾತ್ರಿ ಪಾತ್ರೆ ತೊಳೆಯುವ ತನಕ ನಡೆಯುತ್ತಲೇ ಇರುತ್ತೇನೆ ಎಂದರು ನಮ್ಮ ಮನೆಯವರು. "ಹಾಗಾದರೆ ಲೆಕ್ಕ ತೆಗೆದುಕೊಂಡು ಬನ್ನಿ. ಈಗ ಎಲ್ಲರ ಮೊಬೈಲಿನಲ್ಲೂ ಅದು ಸಿಗುತ್ತದೆ" ಎಂದರು ಡಾಕ್ಟರರು.

ತಮ್ಮನ ಮಗ ಬಂದು ಹೆಜ್ಜೆ ಎಣಿಸುವ ಆಪ್ ಹಾಕಿಕೊಟ್ಟ. ಮೊದಲ ದಿನ ರಾತ್ರಿ ತೆರೆದು ನೋಡಿದರೆ 312 ಹೆಜ್ಜೆ! ನಮ್ಮ ಮನೆಯವರು ಮೊದಲು ನಕ್ಕರು. ಆಮೇಲೆ ಅವರ ಮುಖ ಸಣ್ಣದಾಯಿತು. "ಹಂಗಾರ ಇಡೀ ದಿನ ನಾ ಕುಂತೇ ಇದ್ನೇನು?" ಎಂದರು.

"ಬಡೀಮಾ, ಮೊಬೈಲ್ ಎಲ್ಲಿಟ್ಟಿದ್ರಿ?"

"ಇನ್ನೆಲ್ಲಿ ಇಡ್ಲೋ? ಅಡಗಿಮನಿ ಮಾಡದಾಗ ಇತ್ತು."

"ಅಷ್ಟ ಮತ್ತ. ಮಾಡ ಎಷ್ಟು ನಡದೈತಿ ಅಷ್ಟು ಬರಕೊಂಡೈತಿ."

ಹುಡುಗ ತಮಾಷೆಗೆ ಹೇಳಿದ ಮಾತಿನಲ್ಲಿ ಇಡೀ ಯಂತ್ರದ ಗುಟ್ಟಿದೆ. ಮೊಬೈಲಿಗೆ ನಮ್ಮ ಕಾಲು ಕಾಣುವುದಿಲ್ಲ. ಅದರೊಳಗೆ ಅಲುಗಾಟವನ್ನು ಅಳೆಯುವ ಒಂದು ಸಣ್ಣ ಚಿಪ್ಪು ಇರುತ್ತದೆ. ಅಕ್ಸೆಲೆರೋಮೀಟರ್ ಎಂದು ಅದರ ಹೆಸರು. ನಡೆಯುವಾಗ ಮೈ ಒಂದು ಲಯದಲ್ಲಿ ಮೇಲೆ ಕೆಳಗೆ ಆಗುತ್ತದಲ್ಲ, ಆ ಲಯವನ್ನು ಅದು ಗುರುತಿಸುತ್ತದೆ. 2013ರಲ್ಲಿ ಬಂದ ಆಂಡ್ರಾಯ್ಡ್ 4.4ರಿಂದ, ಬ್ಯಾಟರಿ ಹೆಚ್ಚು ತಿನ್ನದೆ ಹೆಜ್ಜೆ ಎಣಿಸುವ ಸೆನ್ಸರಿಗೆ ಫೋನುಗಳಲ್ಲಿ ಅವಕಾಶವಾಯಿತು. ಲಯ ಖಚಿತವಾಗುವ ತನಕ ಯಂತ್ರ ಕಾಯುತ್ತದೆ. ಹಾಗಾಗಿ ಒಲೆಯಿಂದ ನಲ್ಲಿಗೆ ಎರಡು ಹೆಜ್ಜೆ, ನಲ್ಲಿಯಿಂದ ಕಪಾಟಿಗೆ ಮೂರು ಹೆಜ್ಜೆ ಇಟ್ಟರೆ ಎಷ್ಟೋ ಸಲ ಅದು ಲೆಕ್ಕಕ್ಕೆ ಬರುವುದೇ ಇಲ್ಲ. ನಮಾಜಿನ ರುಕೂ ಸಜ್ದಾಗಳೂ ಅದರ ಕಣ್ಣಿಗೆ ನಡಿಗೆಯಲ್ಲ.

ಇನ್ನು ಎರಡನೆಯ ತೊಡಕು. ಮರುದಿನ ಫೋನನ್ನು ಕೈಯಲ್ಲೇ ಹಿಡಿದು ನಡೆದರೂ ಅಂಕಿ ಮುಂದೆ ಹೋಗಲಿಲ್ಲ. ನಾವಿಬ್ಬರೂ ಕುಳಿತು ಒಂದೊಂದಾಗಿ ನೋಡಿದೆವು. ಓದುಗರಲ್ಲಿ ಯಾರಿಗಾದರೂ ಬೇಕಾದೀತು ಎಂದು ಬರೆಯುತ್ತಿದ್ದೇವೆ. 2019ರ ಆಂಡ್ರಾಯ್ಡ್ 10ರಿಂದ ಈಚೆಗೆ, ನಾವು ಒಪ್ಪಿಗೆ ಕೊಡದೆ ಯಾವ ಆಪ್ ಕೂಡ ನಮ್ಮ ನಡಿಗೆಯನ್ನು ಎಣಿಸುವಂತಿಲ್ಲ. ಸೆಟ್ಟಿಂಗ್ಸಿಗೆ ಹೋಗಿ, ಆಪಿನ ಹೆಸರು ಒತ್ತಿ, ಪರ್ಮಿಷನ್ಸ್ ಎಂಬಲ್ಲಿ ಫಿಸಿಕಲ್ ಆಕ್ಟಿವಿಟಿಗೆ ಅನುಮತಿ ಕೊಡಬೇಕು. ಐಫೋನಿನಲ್ಲಿ ಇದಕ್ಕೆ ಮೋಷನ್ ಆಂಡ್ ಫಿಟ್ನೆಸ್ ಎಂದು ಹೆಸರು. ಆಮೇಲೆ ಬ್ಯಾಟರಿ. ಚಾರ್ಜ್ ಉಳಿಸಲು ಎಷ್ಟೋ ಫೋನುಗಳು ತೆರೆಮರೆಯಲ್ಲಿ ನಡೆಯುವ ಆಪುಗಳನ್ನು ತಾವೇ ನಿಲ್ಲಿಸಿಬಿಡುತ್ತವೆ. ಈ ಒಂದು ಆಪಿಗೆ ಬ್ಯಾಟರಿಯ ನಿರ್ಬಂಧ ಬೇಡ ಎಂದು ಹೇಳಿಡಬೇಕು. ಫೋನನ್ನು ಆರಿಸಿ ಹಚ್ಚಿದರೆ ಸೆನ್ಸರಿನ ಒಳಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ, ಹಳೆಯದನ್ನು ಆಪು ಬರೆದಿಟ್ಟುಕೊಂಡಿದ್ದರೆ ಮಾತ್ರ ಉಳಿಯುತ್ತದೆ. ತಾರೀಖು ಮತ್ತು ಸಮಯ ಸರಿಯಿಲ್ಲದಿದ್ದರೆ ಇಂದಿನ ಹೆಜ್ಜೆ ನಿನ್ನೆಯ ಖಾತೆಗೆ ಸೇರಬಹುದು. ಎರಡು ಮೂರು ಆಪು ಹಾಕಿಕೊಂಡವರು ಒಂದನ್ನೇ ನಂಬಿ ಉಳಿದವನ್ನು ತೆಗೆದುಹಾಕುವುದು ಒಳ್ಳೆಯದು. ಎತ್ತರ ಕೇಳಿದರೆ ಸರಿಯಾಗಿ ಬರೆಯಿರಿ. ಹೆಜ್ಜೆಯ ಎಣಿಕೆಗೆ ಅದು ಬೇಡ, ಕಿಲೋಮೀಟರ್ ಅಂದಾಜು ಮಾಡಲು ಬೇಕು.

ಎಲ್ಲ ಸರಿಯಾದ ಮೇಲೆ ಯಂತ್ರದ ಪರೀಕ್ಷೆಯಾಗಬೇಕಲ್ಲ? ನಮ್ಮ ಮನೆಯವರು ಮೂವತ್ತಮೂರು ಮಣಿಯ ಸಣ್ಣ ತಸ್ಬೀಹ್ ತೆಗೆದುಕೊಂಡರು. ನೂರು ಹೆಜ್ಜೆಗೆ ಒಂದು ಮಣಿ. ಒಂದು ಸುತ್ತು ಮುಗಿದರೆ 3,300 ಹೆಜ್ಜೆ. ಫೋನು 3,240 ತೋರಿಸಿತು. ಅಷ್ಟು ಹೆಚ್ಚು ಕಡಿಮೆಯನ್ನು ಕ್ಷಮಿಸಬಹುದು. ಈ ಉಪಾಯ ಹೊಸದೇನಲ್ಲ. 1865-66ರಲ್ಲಿ ಸರ್ವೆ ಇಲಾಖೆಗಾಗಿ ವೇಷ ಮರೆಸಿಕೊಂಡು ಟಿಬೆಟಿನ ಲ್ಹಾಸಾವರೆಗೆ ನಡೆದ ನೈನ್ ಸಿಂಗ್ ರಾವತರ ಕೈಯಲ್ಲಿ ಜಪಮಾಲೆಯಿತ್ತು. ನೋಡುವವರಿಗೆ ಅವರು ಯಾತ್ರಿಕ. ಆದರೆ ಆ ಮಾಲೆಯಲ್ಲಿ ನೂರೆಂಟು ಮಣಿಗಳ ಬದಲು ನೂರೇ ಮಣಿಗಳಿದ್ದವು, ನೂರು ಹೆಜ್ಜೆಗೆ ಅವರು ಒಂದು ಮಣಿ ಸರಿಸುತ್ತಿದ್ದರು. ಒಂದು ಸುತ್ತಿಗೆ ಸರಿಯಾಗಿ ಹತ್ತು ಸಾವಿರ ಹೆಜ್ಜೆ!

ಈ ಹತ್ತು ಸಾವಿರ ಎಂಬ ಅಂಕಿ ಈಗ ಎಲ್ಲರ ಬಾಯಲ್ಲಿದೆ. ಅದನ್ನು ಮುಟ್ಟದವರು ಏನೋ ಅಪರಾಧ ಮಾಡಿದವರಂತೆ ಕುಗ್ಗುತ್ತಾರೆ. ಅದು ಯಾವ ವೈದ್ಯರ ಚೀಟಿಯಿಂದಲೂ ಹುಟ್ಟಿದ್ದಲ್ಲ. 1964ರ ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ ಜಪಾನಿನ ಒಂದು ಕಂಪನಿ ಸೊಂಟಕ್ಕೆ ಕಟ್ಟುವ ಹೆಜ್ಜೆಮಾಪಕವನ್ನು ಮಾರಾಟಕ್ಕೆ ತಂದಿತು. ಅದಕ್ಕೆ 'ಮಾನ್ಪೋ-ಕೆಯ್', ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದು ಹೆಸರಿಟ್ಟಿತು. ಹೆಸರು ಜನರಿಗೆ ಹಿಡಿಸಿತು, ಅಂಕಿ ಉಳಿಯಿತು. 2019ರಲ್ಲಿ ಹಾರ್ವರ್ಡಿನ ಐ-ಮಿನ್ ಲೀ ಮತ್ತು ಸಂಗಡಿಗರು ಸರಾಸರಿ 72 ವಯಸ್ಸಿನ 16,741 ಮಹಿಳೆಯರ ನಡಿಗೆಯನ್ನು ಅಳೆದು ಪ್ರಕಟಿಸಿದರು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲಿ ಸಾವು ಶೇಕಡಾ 41ರಷ್ಟು ಕಡಿಮೆ ಕಂಡಿತು. 7,500ರ ಸುಮಾರಿಗೆ ಆ ಲಾಭ ಒಂದು ಮಟ್ಟಕ್ಕೆ ಬಂದು ನಿಂತಿತು. ಹತ್ತು ಸಾವಿರವಾಗಲಿಲ್ಲ ಎಂದು ನಡೆಯುವುದನ್ನೇ ಬಿಟ್ಟವರಿಗೆ ಈ ಮಾತು ತಲುಪಬೇಕು.

ಎಣಿಸುವ ಯಂತ್ರ ಸರಿಯಾಯಿತು, ಅಂಕಿಯ ಭಯವೂ ಹೋಯಿತು. ಆದರೂ ಮೊದಲ ಪ್ರಶ್ನೆ ಹಾಗೇ ಉಳಿಯಿತು. ಫೋನು ಇಡುವುದೆಲ್ಲಿ? ಗಂಡಸರಿಗೆ ಈ ಪ್ರಶ್ನೆಯೇ ಇಲ್ಲ. ಪ್ಯಾಂಟಿಗೆ ನಾಲ್ಕು ಕಿಸೆ, ಅಂಗಿಗೆ ಒಂದು, ಜುಬ್ಬಾಕ್ಕೆ ಎರಡು. ಫೋನು ದಿನವಿಡೀ ಮೈಗೆ ಅಂಟಿಕೊಂಡೇ ಇರುತ್ತದೆ. ನಮ್ಮಲ್ಲಿ ಕಥೆ ಬರೆಯುವವರು ಬೈಕಿನ ಮೇಲೆ ಕುಳಿತು ಹೋಗಿ ಬಂದ ದಿನ ರಸ್ತೆಯ ಹೊಂಡಗಳು ಸೇರಿ ನಾಲ್ಕುನೂರು ಹೆಜ್ಜೆಯನ್ನು ಪುಕ್ಕಟೆ ಕೊಟ್ಟವು! ಅದೇ ದಿನ ಮನೆಯಲ್ಲಿ ನೀರು ತುಂಬಿ, ಅಟ್ಟ ಹತ್ತಿ ಇಳಿದು, ಬಟ್ಟೆ ಒಣಹಾಕಿದವರ ಖಾತೆಯಲ್ಲಿ ಏನೂ ಇರಲಿಲ್ಲ. ಸೀರೆಗೆ ಕಿಸೆಯಿಲ್ಲ. ಸಲ್ವಾರಿಗೆ ಕಿಸೆಯಿಲ್ಲ. ಬುರ್ಖಾಕ್ಕೆ ಇದ್ದರೂ ಅದು ಮನೆಯೊಳಗೆ ಹಾಕುವ ಬಟ್ಟೆಯಲ್ಲ. ಯಂತ್ರಕ್ಕೆ ಗಂಡು ಹೆಣ್ಣೆಂಬ ಭೇದ ಗೊತ್ತಿಲ್ಲ ನಿಜ. ಆದರೆ ಅದು ಕಿಸೆಯಿದ್ದವರನ್ನು ಮಾತ್ರ ನಂಬುತ್ತದೆ.

ನಮ್ಮ ಓಣಿಯ ಹೊಲಿಗೆಯಾಕೆಯ ಬಳಿ ಹೋಗಿ, ಮನೆಯಲ್ಲಿ ಹಾಕುವ ನಾಲ್ಕು ಕುರ್ತಾಗಳಿಗೆ ಸೊಂಟದ ಪಕ್ಕಕ್ಕೆ ಆಳವಾದ ಕಿಸೆ ಹೊಲಿಸಿದೆವು. ಫೋನು ಜೋತಾಡಬಾರದು, ಸೊಂಟಕ್ಕೆ ಹತ್ತಿರವಿರಬೇಕು, ಬಗ್ಗಿದರೆ ಬೀಳಬಾರದು. ಖರ್ಚು ಬಹಳವಾಗಲಿಲ್ಲ. ಆ ವಾರ ಮನೆಗೆಲಸದ್ದೇ ದಿನಕ್ಕೆ 2,600ರ ಸುಮಾರು ಹೆಜ್ಜೆ ಬಂತು. ಮುಂದಿನ ಸಲ ಮೀರಜಿಗೆ ಹೋದಾಗ ಅವರು ಫೋನನ್ನು ಡಾಕ್ಟರರ ಮೇಜಿನ ಮೇಲಿಟ್ಟರು. ಡಾಕ್ಟರರು ನೋಡಿ, ಮನೆಗೆಲಸವೂ ನಡಿಗೆಯೇ ಹೌದು, ಆದರೆ ನಿಂತು ನಿಂತು ನಡೆಯುವುದು ಸಾಲದು, ಒಂದೇ ಸಮನೆ ಅರ್ಧ ಗಂಟೆ ಬಿರುಸಾಗಿ ನಡೆಯಬೇಕು, ಊಟವಾದ ಮೇಲೆ ಹತ್ತು ನಿಮಿಷ ನಡೆದರೂ ಸಕ್ಕರೆ ಏರುವುದು ತಗ್ಗುತ್ತದೆ ಎಂದು ವಿವರಿಸಿದರು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಎನ್ನುವುದೂ ಇದೇ ಲೆಕ್ಕವೇ.

ಅರ್ಧ ಗಂಟೆ ಒಂದೇ ಸಮನೆ ನಡೆಯಲು ಅಡಿಗೆಮನೆ ಸಾಲದು, ರಸ್ತೆ ಬೇಕು. ಅಸರ್ ನಮಾಜಿನ ನಂತರ ನಮ್ಮ ಮನೆಯವರು, ಪಕ್ಕದ ಮನೆಯ ಇಬ್ಬರು, ಎದುರು ಮನೆಯ ಲಿಂಗಾಯತರ ಅಕ್ಕ ಹೀಗೆ ನಾಲ್ವರು ಹೊರಟರು. ಮೂರನೆಯ ದಿನವೇ ಓಣಿಯ ಹಿರಿಯರೊಬ್ಬರು ಕೇಳಿದರು: "ಹೆಣ್ಮಕ್ಕಳು ಸುಮ್ಮ ಸುಮ್ಮನ ರಸ್ತೇದಾಗ ಯಾಕ ತಿರಗತೀರಿ?"

"ಸುಮ್ಮನಲ್ಲ ಚಾಚಾ, ಡಾಕ್ಟರ್ ಸಾಹೇಬ್ರು ಲೆಕ್ಕ ಕೇಳ್ಯಾರ" ಎಂದು ನಮ್ಮ ಮನೆಯವರು ಕಿಸೆಯಿಂದ ಫೋನು ತೆಗೆದು ತೋರಿಸಿದರು. ಚಾಚಾ ಕನ್ನಡಕ ಸರಿಮಾಡಿಕೊಂಡು ಅಂಕಿ ಓದಿದರು. ಏನೂ ಅನ್ನಲಿಲ್ಲ. ಎರಡು ವಾರದ ಮೇಲೆ ಅವರ ಸೊಸೆಯೂ ನಡೆಯಲು ಬಂದಳು. ಹೆಣ್ಣುಮಕ್ಕಳು ಮಾರ್ಕೆಟ್ಟಿಗೆ, ಆಸ್ಪತ್ರೆಗೆ, ಮದುವೆಗೆ ರಸ್ತೆಗಿಳಿದರೆ ಯಾರೂ ಕೇಳುವುದಿಲ್ಲ. ತಮ್ಮ ದೇಹಕ್ಕಾಗಿ ಇಳಿದರೆ ಕಾರಣ ಕೊಡಬೇಕಾಗುತ್ತದೆ. ಆ ಕಾರಣವನ್ನು ಒಂದು ಫೋನು ಕೊಡುವುದಾದರೆ ಕೊಡಲಿ ಎಂದುಕೊಂಡೆವು.

ಕಾಲಿನ ಬಗ್ಗೆಯೂ ಒಂದು ಮಾತು. ಅಥಣಿಯ ಚಪ್ಪಲಿ ನಮ್ಮ ಹೆಮ್ಮೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಅದರಲ್ಲಿ ಸೇರಿದವು. ಆದರೆ ಸಕ್ಕರೆ ಕಾಯಿಲೆ ಹಳೆಯದಾದಂತೆ ಪಾದದ ಸ್ಪರ್ಶ ಕಡಿಮೆಯಾಗಬಹುದು. ಮುಳ್ಳು ಚುಚ್ಚಿದ್ದು, ಹೆಬ್ಬೆರಳಿಗೆ ತೊಗಲು ಉಜ್ಜಿದ್ದು ತಿಳಿಯುವುದಿಲ್ಲ. ಅಂಥವರು ದಿನದ ನಡಿಗೆಗೆ ಮೆತ್ತನೆಯ ಮುಚ್ಚಿದ ಬೂಟು ಹಾಕಿ, ರಾತ್ರಿ ಮಲಗುವ ಮುನ್ನ ಪಾದ ನೋಡಿಕೊಳ್ಳಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗುಳಿಗೆ ತೆಗೆದುಕೊಳ್ಳುವವರು ಕಿಸೆಯಲ್ಲಿ ಫೋನಿನ ಜೊತೆ ಒಂದು ಚೂರು ಬೆಲ್ಲವನ್ನೂ ಇಟ್ಟುಕೊಳ್ಳಲಿ.

ಮೂರು ತಿಂಗಳಲ್ಲಿ ದಿನದ ಸರಾಸರಿ 6,800ಕ್ಕೆ ಬಂತು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆಯಲ್ಲಿ 8.9 ಇದ್ದದ್ದು 7.8 ಆಯಿತು. ಗುಳಿಗೆಯ ಪಾಲೂ ಅದರಲ್ಲಿದೆ, ಊಟದ ಪಾಲೂ ಇದೆ. ಎಲ್ಲವನ್ನೂ ಹೆಜ್ಜೆಯ ಖಾತೆಗೆ ಬರೆಯುವುದು ಸರಿಯಲ್ಲ.

ನಮ್ಮನ್ನು ಈಗ ಕಾಡುತ್ತಿರುವುದು ನಿಪ್ಪಾಣಿಯ ಖಾಲಾ. ಹುಡುಗಿಯಾಗಿದ್ದಾಗಿನಿಂದ ಬೀಡಿ ಕಟ್ಟಿದವರು. ಮೊರವನ್ನು ತೊಡೆಯ ಮೇಲಿಟ್ಟು ಕುಳಿತರೆ ಸಾವಿರ ತುಂಬುವ ತನಕ ಏಳುವಂತಿಲ್ಲ. ಅವರಿಗೂ ಸಕ್ಕರೆ ಬಂದಿದೆ. ಕಳೆದ ತಿಂಗಳು ಅವರ ಕುರ್ತಾಕ್ಕೂ ಕಿಸೆ ಹೊಲಿಸಿ ಫೋನು ಇಟ್ಟು ನೋಡಿದೆವು. ಸಂಜೆಗೆ 540. "ನನ್ನ ಕೈ ಎಣಿಸ್ತೈತೇನು ಇದು?" ಎಂದು ಖಾಲಾ ಬೆರಳು ಚಾಚಿ ಕೇಳಿದರು. ಇಲ್ಲ, ಎಣಿಸುವುದಿಲ್ಲ. ನಡೆಯಿರಿ ಎಂದು ಅವರಿಗೆ ಹೇಳುವುದು ಸುಲಭ. ಆದರೆ ಅರ್ಧ ಗಂಟೆ ಎದ್ದು ನಡೆದರೆ ಅಷ್ಟು ಬೀಡಿ ಕಡಿಮೆ, ಅಷ್ಟು ಬೀಡಿ ಕಡಿಮೆಯಾದರೆ ಅಷ್ಟು ಕೂಲಿ ಕಡಿಮೆ. ಆರೋಗ್ಯದ ಉಪದೇಶ ಮಾಡುವ ನಮ್ಮಂಥವರು ಈ ಲೆಕ್ಕಕ್ಕೂ ಉತ್ತರ ಕೊಡಬೇಕಾಗುತ್ತದೆ. ಕೂಲಿಯ ಮಾತಾಡದೆ ಬರೀ ನಡಿಗೆಯ ಮಾತಾಡುವುದು ಹೊಟ್ಟೆ ತುಂಬಿದವರ ವೈದ್ಯ.

ಮದೀನಾದಲ್ಲಿ ಬನೂ ಸಲಿಮಾ ಎಂಬ ಕುಲದವರ ಮನೆಗಳು ಮಸೀದಿಯಿಂದ ದೂರವಿದ್ದವು. ಅವರು ಹತ್ತಿರಕ್ಕೆ ಬಂದು ನೆಲೆಸಲು ಬಯಸಿದಾಗ ಪ್ರವಾದಿಯವರು(ಸ), ಇದ್ದಲ್ಲೇ ಇರಿ, ನಿಮ್ಮ ಹೆಜ್ಜೆಗುರುತುಗಳು ದಾಖಲಾಗುತ್ತವೆ ಎಂಬರ್ಥದ ಮಾತು ಹೇಳಿದ್ದನ್ನು ನಾವು ಉರ್ದು ಶಾಲೆಯಲ್ಲಿ ಕೇಳಿದ್ದೆವು. ಆ ದಾಖಲೆಗೆ ಕಿಸೆ ಬೇಕಿಲ್ಲ, ಅನುಮತಿ ಬೇಕಿಲ್ಲ, ಅಲ್ಲಿ ಕೈಯ ದುಡಿಮೆಯೂ ಬಿಟ್ಟುಹೋಗುವುದಿಲ್ಲ. ಮನುಷ್ಯರ ದಾಖಲೆಯಲ್ಲಿ ಮಾತ್ರ ಬಿಟ್ಟುಹೋದದ್ದನ್ನು ಮನುಷ್ಯರೇ ಸೇರಿಸಬೇಕು. ಖಾಲಾಳ ಮಗ ಈಗ ರಾತ್ರಿ ಊಟವಾದ ಮೇಲೆ ತಾಯಿಯ ಜೊತೆ ಹತ್ತು ನಿಮಿಷ ಓಣಿಯ ತುದಿಯವರೆಗೆ ನಡೆಯುತ್ತಾನೆ. ಬೆಳಿಗ್ಗೆ ಎಲೆ ನೆನೆಹಾಕುವ ಕೆಲಸವನ್ನು ತಾನೇ ವಹಿಸಿಕೊಂಡಿದ್ದಾನೆ. ಮೊನ್ನೆ ಫೋನು ಮಾಡಿ, ಅಮ್ಮಿಯದು 1,700 ಆಯಿತು ಎಂದು ತಿಳಿಸಿದ.