ಮೊದಲು ಕರೆಂಟ್ ನೋಡು

ಹಾರೂಗೇರಿಯ ಕಬ್ಬಿನ ರೈತರ ಮಗನೊಬ್ಬ ಕಾಲೇಜಿನ ಸ್ಪರ್ಧೆಗೆ ಅರ್ಜಿಯ ಪುಟ ಬರೆದಿದ್ದ. ತಂಗಿ ಹೊಲದಲ್ಲಿ ಕುಳಿತು, ಮೊಬೈಲಿನಲ್ಲಿ ತುಂಬಿ ‘ಸಲ್ಲಿಸು’ ಒತ್ತಿದರೂ ಹೆಸರು ಪಟ್ಟಿಗೆ ಬರಲಿಲ್ಲ. ಮನೆಯಲ್ಲಿ ಅವನು ಒತ್ತಿದರೆ ಹೋಗುತ್ತಿತ್ತು. “ನೀನೇ ಸರಿಯಾಗಿ ಒತ್ತಿಲ್ಲ” ಎಂದು ಗದರಿದ. ಅವಳು ಅತ್ತಳು.

“ಮೋಟಾರು ಒಮ್ಮೆ ಚಾಲೂ ಆಗಿ ಒಮ್ಮೆ ಆಗದಿದ್ರ, ಮೊದಲ ಕರೆಂಟ್ ನೋಡ್ತೀವಿ” ಎಂದರು ಅಪ್ಪ.

ಮಗ ಹೊಲಕ್ಕೇ ಹೋಗಿ ನೋಡಿದ. ಸಿಗ್ನಲ್ ಕಡಿಮೆ ಇದ್ದಲ್ಲಿ ಗುಂಡಿ ಮೊದಲು ಕಾಣುತ್ತಿತ್ತು. ಅದಕ್ಕೆ ಕೆಲಸ ಹೇಳುವ ಜಾವಾಸ್ಕ್ರಿಪ್ಟ್ ತಡವಾಗಿ ಬರುತ್ತಿತ್ತು. ನಡುವೆ ಒತ್ತಿದ್ದೆಲ್ಲ ವ್ಯರ್ಥ! ಅದು ಬರುವವರೆಗೆ ಗುಂಡಿ ಒತ್ತಲಾಗದಂತೆ, ಅರ್ಜಿ ತಲುಪಿದ ಮೇಲಷ್ಟೇ ‘ಸ್ವೀಕರಿಸಲಾಗಿದೆ’ ಎನ್ನುವಂತೆ ತಿದ್ದಿದ.

“ತಂಗೀ, ತಪ್ಪು ನಂದವಾ. ಈಗ ಒತ್ತು” ಎಂದ.

ತಪ್ಪು ಯಾರದೆಂದು ಕೇಳುವ ಮುನ್ನ, ಯಾವಾಗ ಆಗುತ್ತದೆಂದು ಕೇಳುವುದೇ ವಿಜ್ಞಾನ.