ಹೆಂಜೇರಿನ ದಾರಿಯ ಕಲ್ಲುಗಳು

ಮಡಕಶಿರಾ ಸೀಮೆಯನ್ನು ಭೂಪಟದಲ್ಲಿ ನೋಡಿದವರಿಗೆ ಅದು ಕರ್ನಾಟಕದ ಮಡಿಲೊಳಗೆ ಚಾಚಿದ ಕೈಯಂತೆ ಕಾಣುತ್ತದೆ. ಅದರ ಮಗ್ಗುಲಲ್ಲೇ ಇರುವ ಪಾವಗಡವು ಆಂಧ್ರದೊಳಕ್ಕೆ ಚಾಚಿಕೊಂಡಿದೆ. ಎರಡು ನಾಡುಗಳು ಕೈ ಹೆಣೆದು ಕುಳಿತ ಈ ಜಾಗದಲ್ಲಿ ಗಡಿಯೆಂಬುದು ಕಾಗದದ ಮೇಲೆ ಎಷ್ಟು ಸ್ಪಷ್ಟವೋ ನೆಲದ ಮೇಲೆ ಅಷ್ಟೇ ಮಸುಕು. ಅಗಳಿ, ರೊಳ್ಳ, ಗುಡಿಬಂಡೆ, ಅಮರಾಪುರದ ಸಂತೆಗಳಲ್ಲಿ ಬೆಲೆ ಕೇಳುವಾಗ ಕನ್ನಡ, ಚೌಕಾಸಿಗೆ ತೆಲುಗು, ಒಪ್ಪಂದವಾದ ಮೇಲೆ ಮತ್ತೆ ಕನ್ನಡ. ಈ ಸೀಮೆಯ ದಾರಿಗಳಲ್ಲಿ ಓಡಾಡುತ್ತ ನಾನು ಕಂಡ ಕೆಲವು ಕಲ್ಲುಗಳ ವಿಚಾರವನ್ನು ಇಲ್ಲಿ ಹೇಳಬಯಸುತ್ತೇನೆ.

ದೂರದಿಂದ ಬರುವವರಿಗೆ ನಮ್ಮ ಕಡೆಯ ಕಲ್ಲೆಂದರೆ ಲೇಪಾಕ್ಷಿಯ ಬಸವ. ಹಿಂದೂಪುರದಿಂದ ಹೊರಟ ಬಸ್ಸು ಊರು ಮುಟ್ಟುವಾಗ ದಾರಿಯ ಬದಿಯಲ್ಲೇ ಅದರ ದರ್ಶನವಾಗುತ್ತದೆ. ಸುಮಾರು 15 ಅಡಿ ಎತ್ತರ, 27 ಅಡಿ ಉದ್ದದ ಏಕಶಿಲೆ. ಕೊರಳಲ್ಲಿ ಗಂಟೆಯ ಸರ, ಮುಖದಲ್ಲಿ ಈಗಷ್ಟೇ ಮೇದು ಬಂದು ಮಲಗಿದ ತೃಪ್ತಿ. ತೆಲುಗಿನ ಕವಿ ಅಡಿವಿ ಬಾಪಿರಾಜು ಅವರು ಈ ಬಸವನನ್ನು ಎದ್ದು ಬಾರೆಂದು ಕರೆದು ಹಾಡು ಕಟ್ಟಿದರು. ಅಚ್ಯುತದೇವರಾಯನ ಕಾಲದಲ್ಲಿ, ವಿರುಪಣ್ಣ ಮತ್ತು ವೀರಣ್ಣ ಸಹೋದರರ ಮುತುವರ್ಜಿಯಿಂದ ಬೆಳೆದ ವೀರಭದ್ರನ ಗುಡಿಯಲ್ಲಿ ನೆಲಕ್ಕೆ ತಾಗದ ಕಂಬವನ್ನು ನೋಡಲು, ಅದರಡಿ ಬಟ್ಟೆ ತೂರಿಸಿ ಎಳೆಯಲು ಜನ ಮುಗಿಬೀಳುತ್ತಾರೆ. ಅದೇ ಆವರಣದ ಗೋಡೆಗಳ ಮೇಲೆ ಕನ್ನಡ ಶಾಸನಗಳಿವೆ. ಅವುಗಳ ಮುಂದೆ ನಿಲ್ಲುವವರು ವಿರಳ. ಬಟ್ಟೆ ತೂರಿಸಲು ಅಲ್ಲಿ ಸಂದಿಯಿಲ್ಲವಲ್ಲ!

ಲೇಪಾಕ್ಷಿಗೆ ಬಂದವರು ಹೇಮಾವತಿಗೆ ಬರುವುದು ಅಪರೂಪ. ಅಮರಾಪುರದ ಬಳಿಯ ಈ ಪುಟ್ಟ ಊರೇ ಶಾಸನಗಳ ಹೆಂಜೇರು, ನೊಳಂಬರ ರಾಜಧಾನಿ. ಒಂಬತ್ತು, ಹತ್ತನೆಯ ಶತಮಾನಗಳಲ್ಲಿ ನೊಳಂಬವಾಡಿ 32000ವನ್ನು ಆಳಿದ ಅರಸರು ಇಲ್ಲಿದ್ದರೆಂಬುದನ್ನು ಇಂದು ಸಾರುವ ಕೋಟೆಯಾಗಲಿ ಅರಮನೆಯಾಗಲಿ ಕಾಣದು. ಸಾರುವುದು ಕಲ್ಲು ಮಾತ್ರ. ದೊಡ್ಡೇಶ್ವರನ ಗುಡಿಯ ಜಾಲಂಧ್ರಗಳಲ್ಲಿ ದೇವತೆಗಳು ಬೆಳಕನ್ನು ಸೋಸುತ್ತ ನಿಂತಿದ್ದಾರೆ. ಕನ್ನಡಿಯಂತೆ ಹೊಳಪು ಕೊಟ್ಟ ಕರಿಗಲ್ಲಿನ ನಂದಿಯ ಬೆನ್ನು ಮುಟ್ಟಿದರೆ ಅದು ಕಲ್ಲೋ ಲೋಹವೋ ಎಂಬ ಅನುಮಾನ. ಸಿದ್ಧೇಶ್ವರನಾದರೋ ಲಿಂಗರೂಪಿಯಲ್ಲ, ಮನುಷ್ಯಾಕೃತಿಯಲ್ಲಿ ಕುಳಿತು ಎದುರಿಗೆ ಬಂದವರನ್ನು ನೇರವಾಗಿ ನೋಡುತ್ತಾನೆ. ಶಿವರಾತ್ರಿಯ ಜಾತ್ರೆಗೆ ಎರಡೂ ರಾಜ್ಯಗಳ ಜನ ಸೇರುತ್ತಾರೆ.

ಹೆಂಜೇರಿನ ಸಿರಿಯೆಲ್ಲ ಹೆಂಜೇರಿನಲ್ಲೇ ಉಳಿಯಲಿಲ್ಲ. ಗೆದ್ದ ಚೋಳರು ಒಯ್ದರೆಂದು ವಿದ್ವಾಂಸರು ಹೇಳುವ ನೊಳಂಬ ಕಂಬಗಳು ಕಾವೇರಿ ತೀರದ ತಿರುವೈಯಾರಿನಲ್ಲಿ ನಿಂತಿವೆ. ಇನ್ನಷ್ಟು ಶಿಲ್ಪಗಳು ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದವು. ಅವುಗಳ ಕುರಿತೇ ಸಿ. ಶಿವರಾಮಮೂರ್ತಿಯವರು ಒಂದು ಗ್ರಂಥ ಬರೆದಿದ್ದಾರೆ. ನೊಳಂಬ ಅಯ್ಯಪದೇವನಿಗೆ ನೆರವಾಗಿ ಹೋದ ನಾಗತ್ತರನು ಆನೆಗಳೊಡನೆ ಕಾದಿ ಮಡಿದ ಕಥೆಯನ್ನು ಹೇಳುವ ಬೇಗೂರಿನ ವೀರಗಲ್ಲು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಚರಿತ್ರೆಯನ್ನು ನೋಡಲು ನಾವು ಮೂರು ದಿಕ್ಕಿಗೆ ಪ್ರಯಾಣ ಮಾಡಬೇಕು.

ಆದರೆ ನನ್ನ ಮನಸ್ಸು ಹೆಚ್ಚು ನಿಲ್ಲುವುದು ಯಾರೂ ಒಯ್ಯದೆ ಬಿಟ್ಟ ಕಲ್ಲುಗಳ ಬಳಿ. ಕೆರೆಯ ಏರಿಯ ಮೇಲೆ, ಹುಣಸೆಯ ಬುಡದಲ್ಲಿ, ಶೇಂಗಾ ಹೊಲದ ಬದುವಿನಲ್ಲಿ ಅರ್ಧ ಹೂತು ನಿಂತ ವೀರಗಲ್ಲುಗಳು. ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಎಷ್ಟೋ ಕಡೆ ಆ ವೀರನು ರಾಜ್ಯಕ್ಕಾಗಿ ಮಡಿದವನಲ್ಲ. ಕಳ್ಳರು ಹೊಡೆದುಕೊಂಡು ಹೋಗುತ್ತಿದ್ದ ಊರ ದನಗಳನ್ನು ಬಿಡಿಸಲು ಹೋಗಿ ಸತ್ತವನು. ಬಳೆ ತೊಟ್ಟ ಕೈಯೊಂದನ್ನು ಮೇಲೆತ್ತಿದ ಮಾಸ್ತಿಕಲ್ಲು ಪಕ್ಕದಲ್ಲಿದ್ದರೆ ಜನ ಅದನ್ನು ಮಾಸ್ತಮ್ಮನೆಂದು ಕರೆದು ಅರಿಶಿನ ಹಚ್ಚುತ್ತಾರೆ. ಊರ ನಡುವಿನ ಕಲ್ಲು ಕನ್ನಡದವರಿಗೆ ಕರುವುಗಲ್ಲು, ತೆಲುಗಿನವರಿಗೆ ಬೊಡ್ಡುರಾಯಿ. ಹೆಸರೆರಡಾದರೂ ಎಡೆ ಇಡುವ ಕೈಗಳು ಬೇರೆಯಲ್ಲ.

ಒಮ್ಮೆ ನೆರೆಹೊರೆಯ ಏಳೆಂಟು ಮಕ್ಕಳನ್ನು ಹೇಮಾವತಿಗೆ ಕರೆದುಕೊಂಡು ಹೋಗಿದ್ದೆ. ಅವರಲ್ಲಿ ಅರ್ಧದಷ್ಟು ಮಂದಿ ತೆಲುಗು ಶಾಲೆಯವರು. ಶಾಸನದ ಸಾಲೊಂದರ ಮೇಲೆ ಬೆರಳಾಡಿಸಿದ ಕನ್ನಡ ಶಾಲೆಯ ಹುಡುಗಿ ದುಂಡನೆಯ ಅಕ್ಷರವೊಂದನ್ನು ತೋರಿಸಿ, “ತಾತ, ಇದು ನಮ್ಮ ರ” ಎಂದಳು. “ಕಾದು, ಮಾದಿ” ಎಂದ ತೆಲುಗು ಶಾಲೆಯ ಹುಡುಗ. ಇಬ್ಬರ ಮಾತೂ ನಿಜವೇ. ಆ ಕಲ್ಲು ಕೊರೆದ ಕಾಲಕ್ಕೆ ಎರಡು ನುಡಿಗಳಿಗೂ ಒಂದೇ ಲಿಪಿ. ಆದರೆ ಆ ಒಂದಕ್ಷರದಾಚೆಗೆ ಇಬ್ಬರಿಗೂ ಓದು ಸಾಗಲಿಲ್ಲ. ಸಾವಿರ ವರ್ಷ ಬಿಸಿಲುಮಳೆಗೆ ಅಳಿಯದ ಬರಹ ಓದುವವರಿಲ್ಲದೆ ಅಳಿಯಬಹುದೆಂಬ ಭಯ ಅಂದು ನನ್ನಲ್ಲಿ ಹುಟ್ಟಿತು, ಇಂದಿಗೂ ಹೋಗಿಲ್ಲ.

ಗಡಿಯು ಕಲ್ಲುಗಳನ್ನು ಪುಸ್ತಕಗಳಲ್ಲೂ ಬೇರ್ಪಡಿಸಿದೆ. ಮೈಸೂರು ಸಂಸ್ಥಾನದಲ್ಲಿದ್ದ ಶಿರಾ, ಪಾವಗಡಗಳ ಶಾಸನಗಳನ್ನು ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ತುಮಕೂರು ಸಂಪುಟದಲ್ಲಿ ಪ್ರಕಟಿಸಿದರು. ಮಡಕಶಿರಾ ಮದರಾಸು ಪ್ರಾಂತದ್ದು. ಆ ಪ್ರಾಂತದ ಕನ್ನಡ ಶಾಸನಗಳಿಗೆಂದು ಮೀಸಲಾದ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 9ನೆಯ ಸಂಪುಟದ ಮೊದಲ ಭಾಗ ಹೊರಬಂದದ್ದು 1939ರಲ್ಲಿ. ಎರಡು ಹೊಲಗಳ ಅಂತರದಲ್ಲಿರುವ ಅಣ್ಣತಮ್ಮಂದಿರಂಥ ಕಲ್ಲುಗಳನ್ನು ಜೊತೆಯಾಗಿ ಓದಬೇಕೆಂದರೆ ಎರಡು ಮಾಲೆಗಳನ್ನು ಹುಡುಕಬೇಕು. ಅವೆರಡೂ ನಮ್ಮ ಹಳ್ಳಿಯ ಶಾಲೆಗಳಿಗೆ ಎಟುಕುವಂಥವಲ್ಲ.

ಕಲ್ಲಿಗೆ ಅಪಾಯ ತರುವವರು ಯಾವಾಗಲೂ ಶತ್ರುಗಳೇ ಅಲ್ಲ. ಭಕ್ತಿಯಿಂದ ಬಳಿದ ಬಣ್ಣ ಅಕ್ಷರದ ಗೆರೆಗಳನ್ನು ತುಂಬಿಬಿಡುತ್ತದೆ. ರಸ್ತೆ ಅಗಲವಾಗುವಾಗ ಮೋರಿಯ ಮೇಲೆ ಚಪ್ಪಡಿ ಬೇಕಾಗುತ್ತದೆ. ಹತ್ತಿರದಲ್ಲಿ ಅಡ್ಡಬಿದ್ದ ಚಪ್ಪಟೆ ಕಲ್ಲು ಕೈಗೆ ಸಿಗುತ್ತದೆ. ಅದರ ಮೇಲಿದ್ದವನು ಯಾರೆಂದು ಹೇಳುವವರು ಆ ಹೊತ್ತಿಗೆ ಅಲ್ಲಿರಬೇಕು.

ಹೇಳುವವರನ್ನು ಸಿದ್ಧಗೊಳಿಸುವ ಕೆಲಸ ನಮ್ಮಂಥ ಸಂಘಗಳಿಗೆ ಭಾರವಾಗದು. ಪ್ರತಿ ಊರಿನ ಮಕ್ಕಳು ತಮ್ಮ ಊರಿನ ಕಲ್ಲುಗಳ ಪಟ್ಟಿ ಮಾಡಲಿ: ಎಲ್ಲಿದೆ, ಯಾವ ಮುಖವಾಗಿದೆ, ಹಿರಿಯರು ಏನೆಂದು ಕರೆಯುತ್ತಾರೆ, ಏನು ಕಥೆ ಹೇಳುತ್ತಾರೆ. ಓರೆಬಿಸಿಲಿನಲ್ಲಿ ಒಂದು ಚಿತ್ರ ತೆಗೆದರೆ ಮಸುಕಾದ ಅಕ್ಷರವೂ ಎದ್ದು ಕಾಣುತ್ತದೆ. ಬಣ್ಣ ಬೇಡ, ಉಳಿ ಬೇಡ, ಜಾಗ ಬದಲಿಸುವುದು ಬೇಡ. ಈ ಕೆಲಸದಲ್ಲಿ ತೆಲುಗು ಶಾಲೆಯ ಮಕ್ಕಳೂ ಜೊತೆಗಿರಲಿ. ಆ ‘ರ’ ಅವರದೂ ಹೌದು. ಊರ ದನ ಬಿಡಿಸಲು ಹೋದವನು, ಅವು ಯಾವ ಮಾತಿನವರ ದನಗಳೆಂದು ಕೇಳಿ ಹೋಗಿರಲಾರ.