ಕ್ಯಾಂಟೀನ್ ಲೆಕ್ಕ, ಭಾಗ 9: ಬೇಡ ಅಂದಮೇಲೆ ಮುಂದೇನು?

"ಆ ಶಾರ್ಟ್ ಫಿಲಂ ಪೋಸ್ಟರ್‌ನಲ್ಲಿ ನೀನ್ಯಾಕೆ ಇಲ್ಲ?" ಅಂತ ಹೋದ ವಾರ ತುಂಬಾ ಜನ ಕೇಳಿದ್ರಿ. ಉತ್ತರ ಸ್ವಲ್ಪ ಉದ್ದ ಇದೆ. ಬಸ್ಸಲ್ಲಿ ಸೀಟು ಸಿಕ್ಕಿದಾಗ ಓದಿ.

ಎರಡು ವರ್ಷದಲ್ಲಿ ನಾಲ್ಕು ಶಾರ್ಟ್ ಫಿಲಂ ಮಾಡಿದೀನಿ. ನಾಲ್ಕರಲ್ಲೂ ಅತ್ತಿದೀನಿ. ಒಂದರಲ್ಲಿ ಹೀರೋ ಕೈಕೊಟ್ಟ ಅಂತ, ಇನ್ನೊಂದರಲ್ಲಿ ಹೀರೋ ಸತ್ತ ಅಂತ. ಐದನೆಯದಕ್ಕೆ ಕರೆದಾಗ ಒಂದೇ ಪ್ರಶ್ನೆ ಕೇಳಿದೆ: "ಈ ಹುಡುಗಿ ಏನು ಕೆಲಸ ಮಾಡ್ತಾಳೆ?" "ಅದೆಲ್ಲ ಯಾಕೆ, ನಿಂಗೆ ಅಳೋದು ಚೆನ್ನಾಗಿ ಬರುತ್ತಲ್ಲ" ಅಂದ್ರು. ನಾನು ಬೇಡ ಅಂದೆ. ಜಗಳ ಏನೂ ಆಗಲಿಲ್ಲ. ಆದರೆ ಆಮೇಲೆ ಕ್ಯಾಂಟೀನಲ್ಲಿ ಆ ಟೇಬಲ್ ಹತ್ರ ಹೋದರೆ ಯಾರೂ ಸರಿದು ಜಾಗ ಕೊಡಲ್ಲ. ಬೇಡ ಅನ್ನೋದು ಸುಲಭ. ಮಾರನೇ ದಿನ ಒಬ್ಬಳೇ ಟೀ ಕುಡಿಯೋದು ಕಷ್ಟ.

ಆ ಬೇಜಾರಲ್ಲೇ ಒಂದು ರಾತ್ರಿ ಹಳೇ ಕಪ್ಪು-ಬಿಳುಪು ಸಿನಿಮಾ ಒಂದು ನೋಡಿದೆ. 'ದಿ ಹಿಚ್‌ಹೈಕರ್', 1953. ಇಬ್ಬರು ಗೆಳೆಯರು ಮೀನು ಹಿಡಿಯೋಕೆ ಅಂತ ಕಾರಲ್ಲಿ ಹೊರಟಿರ್ತಾರೆ. ದಾರೀಲಿ ಒಬ್ಬನನ್ನ ಹತ್ತಿಸಿಕೊಳ್ತಾರೆ. ಅವನು ಕೊಲೆಗಾರ. ಅವನ ಒಂದು ಕಣ್ಣು ನಿದ್ದೆಯಲ್ಲೂ ಮುಚ್ಚಲ್ಲ, ಹಾಗಾಗಿ ಮಲಗಿದಾನೋ ಎದ್ದಿದಾನೋ ಇವರಿಗೆ ಗೊತ್ತೇ ಆಗಲ್ಲ. ನಿರ್ದೇಶಕರ ಹೆಸರು ನೋಡಿ ಎದ್ದು ಕೂತೆ. ಐಡಾ ಲುಪಿನೋ. ಒಬ್ಬ ಹೆಂಗಸು, ಅದೂ ಆ ಕಾಲದ ಹಾಲಿವುಡ್‌ನಲ್ಲಿ.

ಐಡಾ ಹುಟ್ಟಿದ್ದು 1918ರಲ್ಲಿ, ಲಂಡನ್‌ನಲ್ಲಿ, ತಲೆಮಾರುಗಳಿಂದ ರಂಗಭೂಮಿಯಲ್ಲಿದ್ದ ಮನೆತನದಲ್ಲಿ. ಹಾಲಿವುಡ್‌ಗೆ ಬಂದು ದೊಡ್ಡ ನಟಿಯಾದರು. 1941ರ 'ಹೈ ಸಿಯೆರಾ'ದಲ್ಲಿ ಹಂಫ್ರಿ ಬೊಗಾರ್ಟ್ ಹೆಸರಿಗಿಂತ ಮೇಲೆ ಇವರ ಹೆಸರು. ಆದರೂ ಸ್ಟುಡಿಯೋ ಕೊಟ್ಟ ಪಾತ್ರ ಬೇಡ ಅಂದರೆ ಆಗಿನ ಒಪ್ಪಂದದ ಪ್ರಕಾರ ಸಸ್ಪೆಂಡ್. ಸಂಬಳ ಇಲ್ಲ, ಬೇರೆ ಕಡೆ ಕೆಲಸ ಮಾಡೋ ಹಾಗೂ ಇಲ್ಲ. ಐಡಾ ಬೇಡ ಅಂದರು, ಸಸ್ಪೆಂಡ್ ಆದರು. ಆ ಖಾಲಿ ದಿನಗಳಲ್ಲಿ ಸೆಟ್‌ಗಳಿಗೆ ಹೋಗಿ ಕ್ಯಾಮೆರಾ ಹೇಗಿಡ್ತಾರೆ, ಎಡಿಟಿಂಗ್ ಹೇಗೆ ಮಾಡ್ತಾರೆ ಅಂತ ನೋಡ್ತಾ ನಿಂತರು.

ಈ ಸಾಲು ಓದಿದಾಗ ನನಗೆ ನಾಚಿಕೆ ಆಯ್ತು. ನಾನು ಬೇಡ ಅಂದಮೇಲೆ ಮೂರು ವಾರ ರೀಲ್ಸ್ ನೋಡಿದ್ದೆ.

ಆಮೇಲೆ ಅವರು ಗಂಡ ಕಾಲಿಯರ್ ಯಂಗ್ ಜೊತೆ ಸೇರಿ ಸ್ವಂತ ಕಂಪನಿ ಮಾಡಿದರು. 1949ರ 'ನಾಟ್ ವಾಂಟೆಡ್' ಚಿತ್ರದ ನಿರ್ದೇಶಕರಿಗೆ ಶೂಟಿಂಗ್ ಶುರುವಾದ ಕೆಲವೇ ದಿನದಲ್ಲಿ ಹೃದಯಾಘಾತ. ಐಡಾ ಮುಂದೆ ನಿಂತು ಮುಗಿಸಿದರು. ಪರದೆ ಮೇಲೆ ನಿರ್ದೇಶಕರ ಹೆಸರು ಮಾತ್ರ ಅವರದೇ ಉಳೀತು. ಮುಂದಿನ ಚಿತ್ರ 'ನೆವರ್ ಫಿಯರ್', ಪೋಲಿಯೋ ಬಂದ ಡ್ಯಾನ್ಸರ್ ಒಬ್ಬಳ ಕಥೆ. ಐಡಾಗೂ ಹದಿಹರೆಯದಲ್ಲಿ ಪೋಲಿಯೋ ಬಂದಿತ್ತು. 1950ರ 'ಔಟ್‌ರೇಜ್' ಅತ್ಯಾಚಾರಕ್ಕೆ ಒಳಗಾದ ಹುಡುಗಿಯ ಬಗ್ಗೆ. ಆಗಿನ ಸೆನ್ಸಾರ್ ನಿಯಮದಲ್ಲಿ ಆ ಪದವನ್ನೇ ಬಳಸೋ ಹಾಗಿರಲಿಲ್ಲ. ಪದ ಬಳಸದೆ ಇಡೀ ಸಿನಿಮಾ ಮಾಡಿದರು.

ಈಗ ಬಿಕಾಂನವರು ಸ್ವಲ್ಪ ಗಮನ ಕೊಡಿ. ಇಂಥ ಕಥೆಗೆ ದುಡ್ಡು ಹಾಕೋರು ಯಾರು? ಖರ್ಚು ಕಮ್ಮಿ ಇದ್ದರೆ ಮಾತ್ರ ಯಾರಾದರೂ ಹಾಕ್ತಾರೆ. ದೊಡ್ಡ ಸ್ಟಾರ್ ಬದಲು ಸ್ಯಾಲಿ ಫಾರೆಸ್ಟ್ ಥರದ ಹೊಸಬರು. ಸೆಟ್ ಹಾಕೋ ಬದಲು ನಿಜವಾದ ಜಾಗ. ಪೋಲಿಯೋ ಚಿತ್ರವನ್ನ ನಿಜವಾದ ಪುನರ್ವಸತಿ ಕೇಂದ್ರದಲ್ಲೇ, ಅಲ್ಲಿನ ರೋಗಿಗಳನ್ನೂ ಸೇರಿಸಿಕೊಂಡು ತೆಗೆದರು. 'ಹಿಚ್‌ಹೈಕರ್'ನ ಮೆಕ್ಸಿಕೋ ಮರುಭೂಮಿ ಬಹುಪಾಲು ಕ್ಯಾಲಿಫೋರ್ನಿಯಾದ ಬಂಡೆಗಳು. ನಾವು ಕಾಸ್ಟ್ ಶೀಟ್ ಅಂತ ಬೈಕೊಂಡು ಬರೀತೀವಲ್ಲ, ಅದೇ ಅವರಿಗೆ ಸ್ವಾತಂತ್ರ್ಯ ಕೊಟ್ಟಿದ್ದು.

ಪೂರ್ತಿ ಸಿಹಿ ಕಥೆ ಏನಲ್ಲ. ಮೊದಲು ಆರ್‌ಕೆಒ ಅನ್ನೋ ದೊಡ್ಡ ಸ್ಟುಡಿಯೋ ಅವರ ಚಿತ್ರಗಳನ್ನ ಹಂಚುತ್ತಿತ್ತು. ಆಮೇಲೆ ಕಂಪನಿ ತಾನೇ ವಿತರಣೆಗೂ ಕೈಹಾಕಿತು. 1953ರ 'ದಿ ಬಿಗಮಿಸ್ಟ್' ಹಾಗೆ ಬಂದ ಚಿತ್ರ. ಅದರಲ್ಲಿ ನಟನೆ, ನಿರ್ದೇಶನ ಎರಡೂ ಐಡಾದೇ. ಎರಡು ವರ್ಷ ಕಳೆಯೋದರೊಳಗೆ ಕಂಪನಿ ನಿಂತುಹೋಯ್ತು. ಸಿನಿಮಾ ಮಾಡೋದು ಒಂದು ವ್ಯವಹಾರ, ಥಿಯೇಟರ್‌ಗೆ ಮುಟ್ಟಿಸಿ ದುಡ್ಡು ವಾಪಸ್ ತರೋದು ಇನ್ನೊಂದು. ಐಡಾ ಟೀವಿಗೆ ಹೋಗಿ ವರ್ಷಗಟ್ಟಲೆ ಎಪಿಸೋಡ್‌ಗಳನ್ನ ನಿರ್ದೇಶಿಸಿದರು. ಹಳೇ 'ಟ್ವೈಲೈಟ್ ಝೋನ್' ಸರಣಿಯಲ್ಲಿ ನಿರ್ದೇಶನ ಮಾಡಿದ ಒಬ್ಬಳೇ ಹೆಂಗಸು ಅವರು.

ಒಂದು ವಿಷಯ ಮಾತ್ರ ಚುಚ್ಚುತ್ತೆ. ಸೆಟ್‌ನಲ್ಲಿ ಅವರ ಕುರ್ಚಿ ಹಿಂದೆ 'ನಮ್ಮೆಲ್ಲರ ತಾಯಿ' ಅಂತ ಬರೆದಿತ್ತಂತೆ. ಗಂಡಸರಿಗೆ ಹೀಗೆ ಮಾಡಿ ಅಂತ ಹೇಳೋಕೆ ಅವರು ಅಮ್ಮನ ಥರ ಮಾತಾಡಬೇಕಿತ್ತು. ನಿರ್ದೇಶಕಿ ಆಗಿದ್ದರೆ ಸಾಕಾಗ್ತಿರಲಿಲ್ವಾ? ನನಗಿನ್ನೂ ಇದಕ್ಕೆ ಸಮಾಧಾನ ಸಿಕ್ಕಿಲ್ಲ.

ಈಗ ನನ್ನ ಲೆಕ್ಕ. ನಮ್ಮ ಚಿಕ್ಕಮ್ಮ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೀತಾರೆ. ಒಂದು ಸಂಜೆ 340 ರೂಪಾಯಿ ತಾಳೆ ಆಗಲ್ಲ, ಎಲ್ಲರೂ ಮನೆಗೆ ಹೋಗ್ತಾರೆ, ಅವಳೊಬ್ಬಳು ಉಳೀತಾಳೆ. ಇಷ್ಟೇ ಕಥೆ, 12 ನಿಮಿಷ. ಚಿಕ್ಕಮ್ಮನ ಪಾತ್ರ ನಾನೇ ಮಾಡ್ತೀನಿ. ಯಾರೂ ಅಳಲ್ಲ. ಭಾನುವಾರ ಮಂಡಿಗೆ ರಜೆ, ಹಾಗಾಗಿ ಎರಡು ಭಾನುವಾರ ಜಾಗ ಫ್ರೀ. ಕ್ಯಾಮೆರಾ ನನ್ನ ಫೋನೇ. ಆರು ಜನರ ಊಟ-ತಿಂಡಿ 2,400, ಮೈಕ್ ಬಾಡಿಗೆ 1,500, ಓಡಾಟ 800, ಏನಾದರೂ ಕೈಕೊಟ್ಟರೆ ಅಂತ 800. ಒಟ್ಟು 5,500. ಟ್ಯೂಷನ್ ಹೇಳಿ ಕೂಡಿಟ್ಟಿದ್ದು 6,200.

ಅಮ್ಮ ಕೇಳಿದ್ರು, "ದುಡ್ಡು ಮುಳುಗಿದ್ರೆ?"

"ಮುಳುಗಿದ್ರೆ 5,500 ಅಮ್ಮ. ಅದಕ್ಕಿಂತ ಜಾಸ್ತಿ ಅಲ್ಲ."

ಅಮ್ಮ ಚೀಟಿ ತಗೊಂಡು ಎರಡು ಸಲ ಕೂಡಿದ್ರು. "ಊಟ ನಾನೇ ಮಾಡಿಕೊಡ್ತೀನಿ, ಆ 2,400 ಹೊಡೆದುಹಾಕು" ಅಂದ್ರು.

ತೋರಿಸೋದೆಲ್ಲಿ ಅಂತಾನೂ ಮೊದಲೇ ಯೋಚಿಸಿದೀನಿ, ಐಡಾ ಕಂಪನಿ ಎಡವಿದ್ದೇ ಅಲ್ಲಿ ತಾನೆ. ಮೊದಲ ಶೋ ಅದೇ ಮಂಡಿಯಲ್ಲಿ, ಮೂಟೆ ಹೊರೋ ಅಣ್ಣಂದಿರಿಗೆ, ತೂಕ ಹಾಕೋರಿಗೆ, ಲೆಕ್ಕ ಬರೆಯೋರಿಗೆ. ಆಮೇಲೆ ಇಲ್ಲಿ, ನಿಮಗೆ.

ಮೈಕ್ ಹಿಡಿಯೋಕೆ ಒಬ್ಬರು ಬೇಕು. ಅನುಭವ ಬೇಡ, ಕೈ ನಡುಗಬಾರದು ಅಷ್ಟೇ. ಶನಿವಾರ ಕ್ಲಾಸ್ ಮುಗಿದ ಮೇಲೆ ಕ್ಯಾಂಟೀನ್, ಕಿಟಕಿ ಪಕ್ಕದ ಟೇಬಲ್. ಐದನೇ ಶಾರ್ಟ್ ಫಿಲಂ ಟೀಮಿನವರೂ ಬರಬಹುದು. ಸರಿದು ಜಾಗ ಕೊಡ್ತೀನಿ.

#ಕ್ಯಾಂಟೀನ್‌ಲೆಕ್ಕ #ಬಿಕಾಂಹುಡುಗಿ